ತಂತಿ ನೋಡದೆ ಎಂಸಿಬಿ ಬದಲಿಸಬೇಡಿ

ಬೇಸಿಗೆ ಬಂತೆಂದರೆ ನಮ್ಮ ಪಿಜಿ, ಲಾಡ್ಜ್, ನರ್ಸಿಂಗ್ ಹೋಮ್‌ಗಳಲ್ಲಿ ಒಂದು ಅಪಾಯಕಾರಿ ರಿಪೇರಿ ಶುರುವಾಗುತ್ತದೆ. ರಾತ್ರಿ ಎಲ್ಲ ಕೋಣೆಗಳ ಎಸಿ ಓಡುತ್ತಿರುವಾಗ ಮಹಡಿಯ ಮೇನ್ ಎಂಸಿಬಿ ಬೀಳುತ್ತದೆ. ಬೆಳಿಗ್ಗೆ 50 ಆಂಪ್‌ನದನ್ನು ಕಿತ್ತು 63ರದನ್ನು ಕೂರಿಸುತ್ತಾರೆ. ಮತ್ತೆ ಬೀಳುವುದಿಲ್ಲ, ದೂರೂ ಬರುವುದಿಲ್ಲ. ಗೋಡೆಯೊಳಗಿನ ತಂತಿ ಮಾತ್ರ ಹಳೆಯದೇ. ಆ ತಂತಿಯನ್ನು ಕಾಯುವುದೇ ಎಂಸಿಬಿಯ ಮೊದಲ ಕೆಲಸ ಎಂಬುದನ್ನು ಯಾರೂ ನೆನೆಯುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಮಹಡಿಯಲ್ಲಿ ಒಂದೂವರೆ ಟನ್ನಿನ ಆರು ಎಸಿ ಇವೆ, ಒಂದೊಂದರ ನೇಮ್‌ಪ್ಲೇಟಿನಲ್ಲಿ 8 ಆಂಪ್ ಎಂದಿದೆ ಅನ್ನಿ. ಒಟ್ಟು 48. ಅದರ ಮೇಲೆ ಅತಿ ದೊಡ್ಡ ಕಂಪ್ರೆಸರ್‌ನ ಕಾಲು ಭಾಗ ಸೇರಿಸಿ ತಂತಿ ಆರಿಸಬೇಕೆನ್ನುತ್ತದೆ ಅಮೆರಿಕದ ವಿದ್ಯುತ್ ಸಂಹಿತೆ, ಅಲ್ಲಿಗೆ 50. ಪ್ರತಿ ಕೋಣೆಗೂ 20 ಆಂಪ್ ಎಂಸಿಬಿ ಇದೆಯೆಂದು 120 ಎಂದು ಕೂಡುವುದು ತಪ್ಪು. ‘ಎಲ್ಲವೂ ಒಟ್ಟಿಗೆ ಎಲ್ಲಿ ಓಡುತ್ತವೆ’ ಎಂದು 30ಕ್ಕೆ ಇಳಿಸುವುದೂ ತಪ್ಪು. ದೀಪ, ಪ್ಲಗ್ಗುಗಳಿಗೆ ಆ ರಿಯಾಯಿತಿ ನಡೆದೀತು. ರಾಯಚೂರಿನ ಮೇ ತಿಂಗಳ ರಾತ್ರಿ ಆರೂ ಎಸಿ ಒಟ್ಟಿಗೇ ಓಡುತ್ತವೆ.

ಇನ್ನು ತಂತಿ. ಪೈಪಿನೊಳಗಿನ 10 ಚದರ ಮಿಲಿಮೀಟರ್‌ನ ಪಿವಿಸಿ ಹೊದಿಕೆಯ ತಾಮ್ರದ ತಂತಿ 30 ಡಿಗ್ರಿ ಬಿಸಿಯಲ್ಲಿ ಸುಮಾರು 57 ಆಂಪ್ ಹೊರುತ್ತದೆ. ಸುತ್ತಲಿನ ಬಿಸಿ 40 ಡಿಗ್ರಿಗೆ ಏರಿದರೆ ಅದೇ ತಂತಿಯ ಶಕ್ತಿ 50ಕ್ಕಿಂತ ಕೆಳಗಿಳಿಯುತ್ತದೆ. ಮುಂದಿನ ವರ್ಷ ಮಾಲೀಕರು ಏಳನೇ ಎಸಿ ಹಾಕಿಸುತ್ತಾರೆ: 56 ಆಂಪ್. ತಂತಿ ರಾತ್ರಿಯಿಡೀ ಮಿತಿ ಮೀರಿ ಕಾಯುತ್ತದೆ, ಹೊದಿಕೆ ಬೆಂದು ಬಿರುಸಾಗುತ್ತದೆ. 63ರ ಎಂಸಿಬಿ ಅಲುಗುವುದೂ ಇಲ್ಲ, ಏಕೆಂದರೆ 71 ಆಂಪ್‌ವರೆಗೂ ಒಂದು ಗಂಟೆ ಬೀಳದೆ ನಿಲ್ಲಬೇಕೆಂಬುದೇ ಅದರ ಮಾನದಂಡ. 91 ಆಂಪ್ ಮುಟ್ಟಿದರೂ ಬೀಳಲು ಒಂದು ಗಂಟೆಯವರೆಗೆ ಅವಕಾಶವಿದೆ. 63 ಹಾಕಲೇಬೇಕೆಂದರೆ 16 ಚದರ ಮಿಲಿಮೀಟರ್ ತಂತಿ ಎಳೆಯಬೇಕು. ಅದಕ್ಕೆ ದುಡ್ಡು ಬೇಕು, ಗೋಡೆಯ ಕೆಲಸವೂ ಬೀಳಬಹುದು. ಹೊಸ ಎಂಸಿಬಿ ಹತ್ತು ನಿಮಿಷದ ಕೆಲಸ. ಈ ಅಂತರವೇ ಅನಾಹುತದ ಬೇರು.

ಬಿದ್ದದ್ದು ಯಾವಾಗ ಎಂದು ಕೇಳುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಹೋದ ಕರೆಂಟ್ ಮರಳಿದ ಕ್ಷಣವೇ ಬಿದ್ದರೆ ಹಳೆಯ ಮಾದರಿಯ ಕಂಪ್ರೆಸರ್‌ಗಳೆಲ್ಲ ಒಟ್ಟಿಗೆ ಎದ್ದದ್ದು ಕಾರಣವಿರಬಹುದು. ಟೈಮ್ ಡಿಲೇ ಹಾಕಿ ಒಂದೊಂದಾಗಿ ಎಬ್ಬಿಸಿದರೆ ಸಾಕು. ತಾಸುಗಟ್ಟಲೆ ಓಡಿದ ಮೇಲೆ ಬಿದ್ದರೆ ಭಾರ ಹೆಚ್ಚಿರಬೇಕು, ಇಲ್ಲವೇ ಸ್ಕ್ರೂ ಸಡಿಲವಾಗಿ ಎಂಸಿಬಿಗಳಿರುವ ಪೆಟ್ಟಿಗೆ, ಅಂದರೆ ಡಿಬಿ, ಬಿಸಿಯೇರಿರಬೇಕು. ಮೂರು ಫೇಸ್ ಇರುವ ಕಟ್ಟಡದಲ್ಲೂ ಆರೂ ಎಸಿಗಳನ್ನು ಒಂದೇ ಫೇಸಿಗೆ ಕೊಟ್ಟಿರುವುದುಂಟು. ಎರಡೆರಡಾಗಿ ಹಂಚಿದರೆ ಫೇಸಿಗೆ ಬರೀ 16 ಆಂಪ್.

ಪ್ರತಿ ಡಿಬಿಯ ಬಾಗಿಲ ಒಳಗೆ ಮೇನ್ ತಂತಿಯ ದಪ್ಪ, ಅದು ಹೊರಬಲ್ಲ ಆಂಪ್, ಅದರ ಮೇಲಿರುವ ಎಸಿಗಳ ಸಂಖ್ಯೆ ಬರೆದು ಅಂಟಿಸುವುದನ್ನು ಕಡ್ಡಾಯ ಮಾಡಬೇಕು. ಪಿಜಿ, ಲಾಡ್ಜ್‌ಗಳ ಪರವಾನಗಿ ನವೀಕರಿಸುವಾಗ ಅಧಿಕಾರಿಗಳು ಆ ಬಾಗಿಲು ತೆರೆಸಿ ನೋಡಲಿ.