ದೊರೆಯ ಟೊಪ್ಪಿಗೆ ನಮ್ಮ ಮಕ್ಕಳ ತಲೆ ಬೇಡ

ಕಳೆದ ಚಳಿಗಾಲದ ಒಂದು ರವಿವಾರ ಮಗ, ಸೊಸೆ ಮತ್ತು ಹತ್ತು ವರ್ಷದ ಮೊಮ್ಮಗಳ ಜೊತೆಗೆ ನಾನೂ ಫೋರ್ಟ್ ಪರಿಸರಕ್ಕೆ ಹೋಗಿದ್ದೆ. ಮನೆಮಂದಿಯೆಲ್ಲ ಕೂಡಿ ಊರ ಇತಿಹಾಸ ಅರಿಯುವ ಕಾರ್ಯಕ್ರಮ. ಬರಿಯ ಭಾಷಣವಲ್ಲ, ಮಕ್ಕಳು ಕೈಯಾರೆ ಮಾಡಿ ಕಲಿಯುವಂಥದು ಎಂದು ಪ್ರಕಟಣೆ ಹೇಳಿತ್ತು. ಕುಟುಂಬವೊಂದಕ್ಕೆ 1,200 ರೂಪಾಯಿ. ಬೆಳಿಗ್ಗೆ ಒಂದು ತಾಸು ಕಟ್ಟಡಗಳನ್ನು ತೋರಿಸಿದರು. ಅನಂತರ ಒಂದು ಸಭಾಗೃಹದಲ್ಲಿ ‘ವಸಾಹತು ಕಾಲದ ಒಂದು ದಿನ’. ಹಕ್ಕಿಗರಿಯ ಲೇಖನಿಯಿಂದ ಹೆಸರು ಬರೆಯುವುದು, ಅರಗು ಕರಗಿಸಿ ಮುದ್ರೆ ಒತ್ತುವುದು, ದೊರೆಯ ಟೊಪ್ಪಿ ಹಾಕಿಕೊಂಡು ಬೆತ್ತದ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳುವುದು. ಕುರ್ಚಿಯ ಮೇಲುಗಡೆ ಬಟ್ಟೆಯ ಪಂಖವೊಂದನ್ನು ತೂಗುಹಾಕಿದ್ದರು. ಅದನ್ನು ಎಳೆಯಲು ಒಂದು ಹಗ್ಗ.

ಟೊಪ್ಪಿಯ ಸಾಲು ಬಾಗಿಲವರೆಗೆ ಬೆಳೆಯಿತು. ಹಗ್ಗ ಹಿಡಿಯಲು ಯಾವ ಮಗುವೂ ಮುಂದೆ ಬರಲಿಲ್ಲ; ಯಾವ ತಂದೆತಾಯಿಯೂ ಕಳಿಸಲಿಲ್ಲ. ಕೊನೆಗೆ ಕುರ್ಚಿಗಳನ್ನು ಎತ್ತಿಡುತ್ತಿದ್ದ ಕೆಲಸದ ಹುಡುಗನನ್ನು ಕರೆದು ಹಗ್ಗವನ್ನು ಅವನ ಕೈಗೆ ಕೊಟ್ಟರು. ಸಾಲು ಮುಗಿಯುವವರೆಗೆ ಅವನು ಎಳೆದ. ಫೋಟೋದಲ್ಲಿ ಅವನು ಬರದಂತೆ ಕ್ಯಾಮರಾ ಹಿಡಿದಿದ್ದರು. ಮನೆಗೆ ಮರಳುವಾಗ ಲೋಕಲ್ ಗಾಡಿಯಲ್ಲಿ ಮೊಮ್ಮಗಳು ಕೇಳಿದಳು: “ಅಜ್ಜಾ, ಆಗ ನಾವು ಯಾವ ಕಡೆ ಇದ್ದೆವು? ಕುರ್ಚಿಯ ಕಡೆಯೋ, ಹಗ್ಗದ ಕಡೆಯೋ?”

ಆ ಪ್ರಶ್ನೆಗೆ ಲೋಕಲ್ ಗಾಡಿಯ ಗದ್ದಲದಲ್ಲಿ ಉತ್ತರ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ. ಹೇಳಬೇಕಾದ ತುರ್ತೂ ಬಂದಿದೆ. ನಮ್ಮ ಸಂಘದ ಈ ವರ್ಷದ ಕುಟುಂಬ ಸಮ್ಮಿಲನಕ್ಕೆ ಇಂಥದೇ ಒಂದು ‘ದಿನ’ವನ್ನು ಹಣ ಕೊಟ್ಟು ತರಿಸಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ಸೂಚನೆಯಾಗಿದೆ. ಮಕ್ಕಳು ಸಂಘದ ಕಡೆ ಸುಳಿಯುವುದೇ ಇಲ್ಲ, ಏನಾದರೂ ಆಕರ್ಷಣೆ ಬೇಕು ಎಂಬುದು ಸೂಚಿಸಿದವರ ವಾದ. ಅವರ ಕಳಕಳಿ ನನಗೂ ಇದೆ. ಅವರ ಮದ್ದನ್ನು ಮಾತ್ರ ನಾನು ವಿರೋಧಿಸುತ್ತೇನೆ.

ಮೊದಲೇ ಸ್ಪಷ್ಟಪಡಿಸುತ್ತೇನೆ. ಮಕ್ಕಳನ್ನು ಹಳೆಯ ಕಟ್ಟಡಗಳ ಬಳಿಗೆ ಕರೆದೊಯ್ಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಓವಲ್ ಮೈದಾನದ ಒಂದು ಬದಿಯ ಗಾಥಿಕ್ ಕಟ್ಟಡಗಳನ್ನೂ ಇನ್ನೊಂದು ಬದಿಯ ಆರ್ಟ್ ಡೆಕೊ ಮನೆಗಳನ್ನೂ ಸೇರಿಸಿ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಏರಿಸಿತು. ನಮ್ಮ ವಿ.ಟಿ. ಸ್ಟೇಷನ್ನು 2004ರಲ್ಲೇ ಏರಿತ್ತು. ಅವು ಚೆಲುವಾಗಿವೆ, ನೋಡಬೇಕು. ಕೈಯಾರೆ ಮಾಡಿದ್ದು ಮನಸ್ಸಿನಲ್ಲಿ ಉಳಿಯುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಅದನ್ನು ಒಪ್ಪುವುದರಿಂದಲೇ ಕೇಳುತ್ತೇನೆ: ನಮ್ಮ ಮಕ್ಕಳ ಕೈಗೆ ಏನನ್ನು ಕೊಡುತ್ತಿದ್ದೇವೆ? ಆಜ್ಞೆ ಬರೆಯುವ ಲೇಖನಿ, ಆಜ್ಞೆಗೆ ಒತ್ತುವ ಮುದ್ರೆ, ಆಜ್ಞೆ ಕೊಡುವವನ ಟೊಪ್ಪಿ. ಆಜ್ಞೆ ತಲುಪಿದ ಊರಿನ ಸುದ್ದಿ ಎಲ್ಲೂ ಇಲ್ಲ.

ಆ ಊರುಗಳಲ್ಲಿ ನಮ್ಮ ಊರುಗಳೂ ಇದ್ದವು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳವರಿಗೆ 1956ರ ನವೆಂಬರ್ 1ರ ವರೆಗೆ ಮುಂಬಯಿಯೇ ರಾಜಧಾನಿ. ಕಾರವಾರದ ಹೊಲದ ತಂಟೆ ಕೊನೆಗೆ ತೀರುತ್ತಿದ್ದುದು ಇಲ್ಲಿಯ ಹೈಕೋರ್ಟಿನಲ್ಲಿ. ಧಾರವಾಡದ ಕರ್ನಾಟಕ ಕಾಲೇಜಿನ ಹುಡುಗರಿಗೆ ಪದವಿ ಕೊಡುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯ. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿಯೇ. ಮರುವರ್ಷ ಧಾರವಾಡಕ್ಕೆ ಹೋಯಿತು. ಹೀಗಿರುವಾಗ ಫೋರ್ಟಿನಲ್ಲಿ ನಾವು ಪ್ರವಾಸಿಗಳಂತೆ ಬಾಯಿ ತೆರೆದು ನಿಲ್ಲಬೇಕಾದ ಕಾರಣವೇನು?

ನಾನು ಹುಟ್ಟಿದ್ದು ಕುಮಟೆಯಲ್ಲಿ. ನಮ್ಮೂರಿನ ಹೆಸರು ಒಂದು ಕಾಲಕ್ಕೆ ಮುಂಬಯಿಯ ಹತ್ತಿ ಪೇಟೆಯಲ್ಲಿ ಒಂದು ಸರಕಿನ ಹೆಸರಾಗಿತ್ತೆಂಬುದು ಇಲ್ಲಿಗೆ ಬಂದು ಎಷ್ಟೋ ವರ್ಷಗಳ ಮೇಲೆ ನನಗೆ ತಿಳಿಯಿತು. ‘ಕುಮಟಾ ಹತ್ತಿ’ ಬೆಳೆಯುತ್ತಿದ್ದುದು ಕುಮಟೆಯಲ್ಲಲ್ಲ, ಧಾರವಾಡದ ಎರೆಭೂಮಿಯಲ್ಲಿ. ಎತ್ತಿನ ಗಾಡಿಗಳಲ್ಲಿ ಶಿರಸಿಯ ಮೇಲಿಂದ ಘಟ್ಟ ಇಳಿದು ನಮ್ಮ ಬಂದರಿಗೆ ಬಂದು, ಅಲ್ಲಿಂದ ಹಾಯಿ ಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದವನ ಹೆಸರು ಹೋಗಿ ಬಂದರಿನ ಹೆಸರು ಉಳಿಯಿತು.

1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ದಕ್ಷಿಣದ ಬಂದರುಗಳನ್ನು ಉತ್ತರದವರ ನೌಕಾಪಡೆ ಮುಚ್ಚಿದ್ದರಿಂದ ಲಂಕಾಶೈರಿನ ಗಿರಣಿಗಳಿಗೆ ಹತ್ತಿಯಿಲ್ಲದಾಯಿತು. ಆಗ ಎಲ್ಲರ ಕಣ್ಣು ಹಿಂದುಸ್ಥಾನದ ಹತ್ತಿಯ ಮೇಲೆ ಬಿತ್ತು. ಬೆಲೆ ಹಿಂದೆಂದೂ ಕಾಣದಷ್ಟು ಏರಿತು; ಮುಂಬಯಿಗೆ ಹಣದ ಹೊಳೆ ಹರಿಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ಸಾಗಿಸುವ ಬಂದರಿನ ಲೆಕ್ಕಾಚಾರವಿತ್ತು. ಜಿಲ್ಲೆಯ ಜನರನ್ನು ಯಾರೂ ಕೇಳಲಿಲ್ಲ.

ಆ ಕಾಲದ ಹತ್ತಿ ವ್ಯಾಪಾರದ ಸಿರಿವಂತ ಪ್ರೇಮಚಂದ ರಾಯಚಂದರು 1864ರಲ್ಲಿ ವಿಶ್ವವಿದ್ಯಾಲಯಕ್ಕೆ ದೊಡ್ಡ ದಾನ ಕೊಟ್ಟರು. ಅದರಿಂದ ಎದ್ದದ್ದು ಗ್ರಂಥಾಲಯ ಮತ್ತು ಅವರ ತಾಯಿಯ ಹೆಸರು ಹೊತ್ತ ರಾಜಾಬಾಯಿ ಗೋಪುರ. ಗೋಪುರದ ನಕ್ಷೆ ಬರೆದ ಗಿಲ್ಬರ್ಟ್ ಸ್ಕಾಟ್ ಇಂಗ್ಲೆಂಡಿನಲ್ಲೇ ಕೂತು ಬರೆದರೆಂಬುದನ್ನು ಅಂದು ನಮಗೆ ವಿವರಿಸಿದವರು ಹೇಳಿದರು. ಕಮಾನು, ಕೆತ್ತನೆ, ಬಣ್ಣದ ಗಾಜು ಎಲ್ಲವನ್ನೂ ಹೇಳಿದರು. ಹತ್ತಿಯ ಮಾತು ಒಂದೂ ಬರಲಿಲ್ಲ.

ಗೋಪುರ ಪೂರ್ಣವಾದದ್ದು 1878ರಲ್ಲಿ. ಅದರ ಹಿಂದಿನ ಎರಡು ವರ್ಷ ಧಾರವಾಡ, ಕಲಾದಗಿ ಸೀಮೆಗಳಲ್ಲಿ ಜನ ಅನ್ನವಿಲ್ಲದೆ ಸತ್ತರು. ಹಿರಿಯರು ಧಾತು ಸಂವತ್ಸರದ ಬರ ಎನ್ನುತ್ತಿದ್ದುದು ಅದನ್ನೇ. ಗೋಪುರದಿಂದ ಬರ ಬಂತೆಂದು ನಾನು ಹೇಳುವವನಲ್ಲ. ಅಂಥ ಅಡ್ಡಮಾತು ಬೇಡ. ಆದರೆ ಒಂದೇ ಪ್ರಾಂತದಲ್ಲಿ, ಒಂದೇ ಸರಕಾರದ ಕೆಳಗೆ, ಒಂದೇ ವರ್ಷಗಳಲ್ಲಿ ಇಲ್ಲಿ ಕಲ್ಲು ಏರುತ್ತಿತ್ತು, ಅಲ್ಲಿ ಹೆಣ ಬೀಳುತ್ತಿತ್ತು. ಇವೆರಡನ್ನೂ ಒಟ್ಟಿಗೆ ಹೇಳಿದರೆ ಇತಿಹಾಸ. ಒಂದನ್ನೇ ಹೇಳಿದರೆ ಅದು ಜಾಹೀರಾತು.

ಟೌನ್ ಹಾಲಿಗೆ ಬನ್ನಿ. ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯವಿರುವ ಆ ಕಟ್ಟಡದಲ್ಲಿ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಸಾಹೇಬರ ಅಮೃತಶಿಲೆಯ ಪ್ರತಿಮೆಯಿದೆ. ವಿದ್ಯಾಭ್ಯಾಸಕ್ಕೆ ಅವರು ಮಾಡಿದ್ದನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಅವರು ಮುಂಬಯಿಯ ಗವರ್ನರರಾಗಿದ್ದುದು 1819ರಿಂದ 1827ರ ವರೆಗೆ. ಕಿತ್ತೂರಿನ ದತ್ತಕವನ್ನು ಒಪ್ಪದೆ ಕಂಪನಿ ಸರಕಾರ ಸಂಸ್ಥಾನಕ್ಕೆ ಕೈಹಾಕಿದ್ದು, ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಬಾಗಿಲಲ್ಲಿ ಬಿದ್ದದ್ದು, ಎರಡನೆಯ ದಾಳಿಯಲ್ಲಿ ಕೋಟೆ ಹೋದದ್ದು, ಎಲ್ಲವೂ 1824ರಲ್ಲಿ. ಅಂದರೆ ಚೆನ್ನಮ್ಮರಾಣಿಯ ಎದುರು ನಿಂತ ಮುಂಬಯಿ ಸರಕಾರದ ಯಜಮಾನರು ಇವರೇ. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ರಾಜ್ಯೋತ್ಸವದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಮ್ಮನ ವೇಷ ಹಾಕಿಸಿ ಚಪ್ಪಾಳೆ ತಟ್ಟುವವರು ನಾವು. ಅದೇ ಮಗುವಿಗೆ ಸಮ್ಮಿಲನದಲ್ಲಿ ದೊರೆಯ ಟೊಪ್ಪಿ ಹಾಕಿಸಿದರೆ ಅದು ಯಾರನ್ನು ನಂಬಬೇಕು?

ದಕ್ಷಿಣ ಕನ್ನಡದ ಬಂಧುಗಳು ಕೇಳಬಹುದು: ನಮ್ಮ ಜಿಲ್ಲೆ ಮದ್ರಾಸಿನ ಕೆಳಗಿತ್ತಲ್ಲ, ಇದರಲ್ಲಿ ನಮ್ಮ ಪಾಲೇನು? ನಿಮ್ಮ ಪಾಲು ನಮಗಿಂತ ದೊಡ್ಡದು. ನಾವು ಅರ್ಜಿ ಹಿಡಿದು ಮುಂಬಾಗಿಲಲ್ಲಿ ಕಾದೆವು. ನೀವು ಆ ಕಟ್ಟಡಗಳನ್ನು ಹಿಂಬಾಗಿಲಿನಿಂದ ಬಲ್ಲವರು. ಊರಿನಿಂದ ಹಡಗು ಹತ್ತಿ ಬಂದ ಹುಡುಗರು ಫೋರ್ಟಿನ ಹೋಟೆಲು, ಕ್ಯಾಂಟೀನುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆ ಅದೇ ಪರಿಸರದ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಅಕ್ಷರ ಕಲಿತರು. ಹಾಗೆ ಓದಿ ಬ್ಯಾಂಕು, ಕೋರ್ಟು, ಕಚೇರಿ ಸೇರಿದವರು ನಮ್ಮ ಸಂಘದಲ್ಲೇ ಇದ್ದಾರೆ. ಇಂದು ಆ ಶಾಲೆಗಳಲ್ಲಿ ಎಷ್ಟೋ ಮುಚ್ಚಿವೆ. ಅವುಗಳ ಗೋಡೆಗೆ ನೀಲಿ ಫಲಕ ಹಚ್ಚಿದವರಿಲ್ಲ. ನಮ್ಮ ಮಕ್ಕಳನ್ನು ಆ ಮೆಟ್ಟಿಲಿಗೆ ಕರೆದೊಯ್ದವರೂ ಇಲ್ಲ.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. “ಮಕ್ಕಳಾಟದಲ್ಲಿ ರಾಜಕಾರಣವೇಕೆ?” ಎನ್ನುತ್ತಾರೆ. ಒಬ್ಬನು ಕೂಡುವುದು, ಇನ್ನೊಬ್ಬನು ಗಾಳಿ ಬೀಸುವುದು ರಾಜಕಾರಣವಲ್ಲವಾದರೆ ಇನ್ನಾವುದು? ಅದನ್ನು ನಾನು ಆಟಕ್ಕೆ ಸೇರಿಸಲಿಲ್ಲ. ಅದು ಆಟದಲ್ಲೇ ಇತ್ತು. “ಇಂಗ್ಲಿಷರಿಂದ ಒಳ್ಳೆಯದೂ ಆಗಿದೆ” ಎನ್ನುತ್ತಾರೆ. ಆಗಿದೆ. ಮುಂಬಯಿ ಸರಕಾರದ ಅಧಿಕಾರಿ ಫ್ಲೀಟ್ ಸಾಹೇಬರು ನಮ್ಮ ಶಾಸನಗಳನ್ನು ಓದಿ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಹಾಡುವವರ ಬಾಯಿಂದ ಬರೆಸಿ ಅಚ್ಚು ಹಾಕಿಸಿದರು. ತಮ್ಮ ಸರಕಾರ ಗಲ್ಲಿಗೇರಿಸಿದವನ ಹಾಡನ್ನು ಒಬ್ಬ ಇಂಗ್ಲಿಷನು ಕಾಪಾಡಿಕೊಟ್ಟ. ಆ ಹಾಡನ್ನು ನಮ್ಮ ಮಕ್ಕಳಿಗೆ ಕೇಳಿಸದೆ ಆ ಇಂಗ್ಲಿಷನ ಟೊಪ್ಪಿಯನ್ನು ಮಾತ್ರ ಹಾಕಿಸುತ್ತೇವೆಂದರೆ, ಸಾಹೇಬನಿಗಿದ್ದ ಬುದ್ಧಿಯೂ ನಮಗಿಲ್ಲ ಎಂದಾಯಿತು. “ಹಾಗಾದರೆ ನೀವೇ ಮಾಡಿ ತೋರಿಸಿ” ಎನ್ನುವವರೂ ಇದ್ದಾರೆ. ಅದು ನ್ಯಾಯವಾದ ಮಾತು. ನನ್ನ ಯೋಜನೆ ಹೀಗಿದೆ.

ಬೆಳಿಗ್ಗೆ ಎರಡೇ ಸ್ಥಳ. ಟೌನ್ ಹಾಲಿನ ಮೆಟ್ಟಿಲ ಮೇಲೆ ಕಿತ್ತೂರಿನ ಕತೆ. ಓವಲ್ ಮೈದಾನದಲ್ಲಿ ಗೋಪುರ ಕಾಣುವಂತೆ ಕೂತು ಹತ್ತಿಯ ಕತೆ. ಆಮೇಲೆ ಸಂಘದ ಸಭಾಗೃಹ. ಊರಿನಿಂದ ಕಾಳು ಬಿಡಿಸದ ಹತ್ತಿ ತರಿಸೋಣ. ಧಾರವಾಡದ ಹಳ್ಳಿಗಳಲ್ಲಿ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಕಾಳು ಬೇರ್ಪಡಿಸುತ್ತಿದ್ದರು. ಮಕ್ಕಳು ಬೆರಳಿನಿಂದಲೇ ಬಿಡಿಸಲಿ. ಅರ್ಧ ತಾಸಿನ ಮೇಲೆ ತೂಗಿ ನೋಡೋಣ; ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ಕಾಳೇ ಇರುತ್ತದೆ. ಒಂದು ಅಂಡಿಗೆ ಎಷ್ಟು ಬೆರಳು ಬೇಕೆಂದು ಅವರಿಗೆ ತಾನಾಗಿ ತಿಳಿಯುತ್ತದೆ. ನಮ್ಮ ಅಜ್ಜಿಯಂದಿರು ಅದೇ ಹತ್ತಿಯಿಂದ ಗೆಜ್ಜೆವಸ್ತ್ರ, ಹೂಬತ್ತಿ ಮಾಡುವುದನ್ನು ಕಲಿಸಲಿ. ಯಾರಾದರೂ ಹಿರಿಯರು ತಕಲಿಯಲ್ಲಿ ನೂಲು ತೆಗೆದು ತೋರಿಸಲಿ.

ಇನ್ನೊಂದು ಮೂಲೆಯಲ್ಲಿ ಉಪ್ಪು. 1930ರಲ್ಲಿ ಅಂಕೋಲೆಯ ಜನ ಉಪ್ಪು ಮಾಡಿ ಕಾನೂನು ಮುರಿದರು. ಅದೇ ವರ್ಷ ಇಲ್ಲಿ ವಡಾಲದ ಉಪ್ಪಿನ ಆಗರಗಳ ಮೇಲೆ ಸತ್ಯಾಗ್ರಹಿಗಳು ನುಗ್ಗಿದರು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮುಂಬಯಿಯ ಸಮುದ್ರದ ನೀರು ಬೇಡ. ನಲ್ಲಿಯ ನೀರಿಗೆ ಅಷ್ಟೇ ಉಪ್ಪು ಬೆರೆಸಿ ಅಗಲ ಪಾತ್ರೆಯಲ್ಲಿ ಕುದಿಸೋಣ. ತಳದಲ್ಲಿ ಉಳಿದ ಒಂದು ಹಿಡಿಯನ್ನು ಮಗು ಮುಟ್ಟಿ ನೋಡಲಿ. ಈ ಒಂದು ಹಿಡಿಗಾಗಿ ಸೆರೆಮನೆಗೆ ಹಾಕುತ್ತಿದ್ದರು ಎಂದು ಆಗ ಹೇಳಿದರೆ ಸಾಕು.

ಪಂಖವೂ ಇರಲಿ, ಬೇಡವೆನ್ನುವುದಿಲ್ಲ. ಆದರೆ ಒಂದು ನಿಯಮ: ಹತ್ತು ನಿಮಿಷ ಹಗ್ಗ ಎಳೆದವರಿಗೆ ಮಾತ್ರ ಒಂದು ನಿಮಿಷ ಕುರ್ಚಿ. ದೊಡ್ಡವರಿಗೂ ಇದೇ ನಿಯಮ, ಅಧ್ಯಕ್ಷರಿಗೂ. ಕೊನೆಗೆ ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರು ಕೂತು ಮಾತಾಡಲಿ, ಮಕ್ಕಳು ಕೇಳಿ ಕನ್ನಡದಲ್ಲಿ ಬರೆದುಕೊಳ್ಳಲಿ. ಕನ್ನಡ ಬರೆಯಲು ಬಾರದವರು ತಂದೆತಾಯಿಯಿಂದ ಬರೆಸಲಿ. ಚೆನ್ನಾದ ಬರಹಗಳನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಲು ಸಂಪಾದಕರನ್ನು ನಾನು ಈಗಲೇ ಕೇಳಿಕೊಳ್ಳುತ್ತೇನೆ. ಆ ಹಿರಿಯರಲ್ಲಿ ಹಲವರಿಗೆ ಈಗ ಎಂಬತ್ತು ದಾಟಿದೆ. ಟೊಪ್ಪಿ ಬಾಡಿಗೆಗೆ ಯಾವಾಗ ಬೇಕಾದರೂ ಸಿಗುತ್ತದೆ, ಅವರು ಸಿಗುವುದಿಲ್ಲ.

ಇದಕ್ಕೆಲ್ಲ ತಗಲುವ ವೆಚ್ಚ ಹತ್ತಿ, ಉಪ್ಪು, ಗ್ಯಾಸು, ಚಹಾ. ಸಂಘದ ನಿಧಿ ಉಳಿಯುತ್ತದೆ. ಬರುವ ಮಹಾಸಭೆಯಲ್ಲಿ ಈ ವಿಷಯ ಬಂದಾಗ ಕೈ ಎತ್ತುವ ಮುನ್ನ ಬಂಧುಗಳು ಒಮ್ಮೆ ಯೋಚಿಸಬೇಕು.

ಮೊಮ್ಮಗಳಿಗೆ ನನ್ನ ಉತ್ತರ ಇಷ್ಟು: ಮಗಾ, ನಾವು ಹಗ್ಗದ ಕಡೆ ಇದ್ದೆವು. ನಮ್ಮಲ್ಲಿ ಕೆಲವರು ಕುರ್ಚಿಯ ಪಕ್ಕದಲ್ಲಿ ಕೈಕಟ್ಟಿ ನಿಂತದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆ ದಿನ ಎರಡು ತಾಸು ಪಂಖ ಎಳೆದ ಹುಡುಗನ ಹೆಸರನ್ನು ನಾನೂ ಕೇಳಲಿಲ್ಲ. ಆ ತಪ್ಪು ನನ್ನದು. ನಮ್ಮ ಸಂಘದ ಸಭಾಗೃಹದಲ್ಲಿ ಅದು ಮತ್ತೆ ಆಗಬಾರದು.