ಬಾನುಲಿಯ ಬದಲಾಗುವ ದನಿ

ಹೆಸರಿನಲ್ಲಿಯೇ ಕಡಲನ್ನು ಇಟ್ಟುಕೊಂಡ ಊರು ಬುಕ್ಕಾಂಬುಧಿ. ಅಜ್ಜಂಪುರ ಸೀಮೆಯ ಈ ಊರಿನವರಿಗೆ ಬಹುಕಾಲ ಬಾನುಲಿಯೆಂದರೆ ಭದ್ರಾವತಿ. ೧೯೬೫ರಲ್ಲಿ ಅಲ್ಲಿ ಆಕಾಶವಾಣಿ ನಿಲಯ ಆರಂಭವಾಯಿತು. ಹವಾಮಾನದ ವರದಿ, ಕೃಷಿರಂಗ, ಜನಪದ ಗೀತೆ, ನಾಟಕ, ಚಿತ್ರಗೀತೆ ಎಲ್ಲವೂ ಅಲ್ಲಿಂದಲೇ, ಒಂದರ ಬೆನ್ನಿಗೆ ಒಂದರಂತೆ ಬರುತ್ತಿದ್ದವು. ಚಿತ್ರಗೀತೆಗಾಗಿ ಕಾದು ಕುಳಿತವನ ಕಿವಿಗೆ ಅಡಕೆಯ ಕೊಳೆರೋಗದ ವಿಚಾರವೂ ಬೀಳುತ್ತಿತ್ತು, ಅದು ವ್ಯರ್ಥವಾಗುತ್ತಿರಲಿಲ್ಲ.

ನಗರಗಳ ಖಾಸಗಿ ಎಫ್.ಎಂ. ನಿಲಯಗಳ ರೀತಿ ಬೇರೆ. ಅವು ಒಂದು ಬಗೆಯ ಸಂಗೀತವನ್ನು ಆರಿಸಿಕೊಂಡು ಅದನ್ನೇ ತಮ್ಮ ಗುರುತಾಗಿ ಮಾಡಿಕೊಳ್ಳುತ್ತವೆ. ಜಾಹೀರಾತಿನ ಹಣ ಬೇರೆಡೆಗೆ ಹರಿಯಿತೆಂದರೆ ಆ ಗುರುತನ್ನೇ ಕಳಚಿಡುತ್ತವೆ. ೨೦೧೧ರ ನೀತಿಯಲ್ಲಿಯೂ ಅವುಗಳಿಗೆ ಸ್ವಂತ ಸುದ್ದಿ ಪ್ರಸಾರದ ಅವಕಾಶ ದೊರೆಯಲಿಲ್ಲವಾದ್ದರಿಂದ ಹಾಡು ಮತ್ತು ಹರಟೆಯೇ ಅವುಗಳ ಬಂಡವಾಳ. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯವಾದ ರೇಡಿಯೋ ಸಿಟಿ ೨೦೦೧ರ ಜುಲೈ ೩ರಂದು ಬೆಂಗಳೂರಿನಲ್ಲಿ ಆರಂಭವಾದಾಗ ಇಂಗ್ಲಿಷ್ ಮತ್ತು ಹಿಂದಿ ಹಾಡುಗಳದೇ ಮೇಲುಗೈ. ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡದ ಹಾಡು ಮಾರಾಟವಾಗದೆಂಬುದು ಎಂತಹ ಎಣಿಕೆ! ಆಗ ವರ್ಷಕ್ಕೆ ಶೇಕಡ ೧೫ರಂತೆ ಏರುತ್ತಿದ್ದ ಪರವಾನಗಿ ಶುಲ್ಕದ ಬದಲು ವರಮಾನದಲ್ಲಿ ಪಾಲು ಪಡೆಯುವ ಕ್ರಮವನ್ನು ೨೦೦೫ರಲ್ಲಿ ಸರ್ಕಾರ ತಂದಿತು. ಮರುವರ್ಷದಿಂದ ಹೊಸ ನಿಲಯಗಳು ಬಂದವು. ಕನ್ನಡವನ್ನು ನೆಚ್ಚಿದವುಗಳಿಗೆ ಕೇಳುಗರು ದೊರೆತರು. ರೇಡಿಯೋ ಸಿಟಿಯೂ ಕನ್ನಡಕ್ಕೆ ಹೊರಳಿತು. ಎಸ್ ಎಫ್.ಎಂ. ಎಂಬುದು ರೆಡ್ ಎಫ್.ಎಂ. ಎಂಬ ಹೊಸ ಹೆಸರು ತೊಟ್ಟಿತು.

ಕನ್ನಡ ಬಂದದ್ದು ಸಂತೋಷವೇ. ಆದರೆ ಬಂದ ಕನ್ನಡ ಯಾವುದು? ಹೆಚ್ಚಿನ ಪಾಲು ಹೊಸ ಚಿತ್ರಗಳ ಹಾಡು. ತತ್ತ್ವಪದ, ಭಾವಗೀತೆ, ಸೋಬಾನೆಗಳು ಹೊರಗೇ ನಿಂತವು. ಭಾಷೆ ಬದಲಾಯಿತು, ಬುಟ್ಟಿ ಬದಲಾಗಲಿಲ್ಲ.

ಸರ್ಕಾರದ ಬಾನುಲಿಯಾದರೂ ಸದಾ ಕೇಳುಗನ ಮಾತು ಕೇಳಿತೆನ್ನಲಾಗದು. ೧೯೫೨ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಮೇಲಿನ ಅಭಿಮಾನದಿಂದ ಚಿತ್ರಗೀತೆಗಳನ್ನು ಬಹುಮಟ್ಟಿಗೆ ದೂರವಿರಿಸಿದರು. ಜನ ವಾದಕ್ಕೆ ಹೋಗಲಿಲ್ಲ. ಮುಳ್ಳನ್ನು ರೇಡಿಯೋ ಸಿಲೋನಿಗೆ ತಿರುಗಿಸಿದರು. ೧೯೫೭ರ ಅಕ್ಟೋಬರ್ ೩ರಂದು ವಿವಿಧ ಭಾರತಿ ಆರಂಭವಾಗಿ ಚಿತ್ರಗೀತೆ ಹಿಂದಿರುಗಿತು. ತಿರುಗಿಸಲು ಇನ್ನೊಂದು ನಿಲಯವಿದ್ದುದರಿಂದ ಅಂದಿನ ಕೇಳುಗ ಗೆದ್ದ. ತತ್ತ್ವಪದ ಬೇಕೆನ್ನುವ ಇಂದಿನ ಕೇಳುಗ ಮುಳ್ಳನ್ನು ಎತ್ತ ತಿರುಗಿಸಬೇಕು? ಹತ್ತು ನಿಲಯಗಳಿದ್ದು ಹತ್ತರಲ್ಲಿಯೂ ಒಂದೇ ಹಾಡು ಬರುವಾಗ ಆಯ್ಕೆಯೆಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಆಕಾಶದ ಅಲೆಗಳು ಸಾರ್ವಜನಿಕ ಸೊತ್ತೆಂದು ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ ತೀರ್ಪಿತ್ತಿದೆ. ಸೊತ್ತು ಜನರದಾದ ಮೇಲೆ, ಅದನ್ನು ಗುತ್ತಿಗೆಗೆ ಪಡೆದವರು ದಿನದ ಒಂದಿಷ್ಟು ಹೊತ್ತನ್ನು ಆ ನೆಲದ ಹಾಡಿಗೆ, ಆ ನೆಲದ ಕಸುಬಿಗೆ ಮೀಸಲಿಡಬೇಕೆಂದು ಪರವಾನಗಿಯಲ್ಲಿಯೇ ಬರೆಯುವುದು ನ್ಯಾಯ. ಹೆಸರನ್ನೂ ಹಾಡನ್ನೂ ಬೇಕಾದಂತೆ ಬದಲಿಸಿಕೊಳ್ಳಲಿ, ಆ ಹೊತ್ತನ್ನು ಮಾತ್ರ ಮುಟ್ಟದಿರಲಿ.

ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಆ ನಿಲಯಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಸಂದಿತು. ೨೦೨೩ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಆಕಾಶವಾಣಿ ಎಂದಷ್ಟೇ ಕರೆಯಲು ಪ್ರಸಾರ ಭಾರತಿ ತೀರ್ಮಾನಿಸಿತು. ಹೆಸರು ಗಟ್ಟಿಯಾಯಿತು. ದನಿಯೂ ಊರಿನದಾಗಿ ಉಳಿಯಬೇಕಷ್ಟೆ. ಎಫ್.ಎಂ. ಅಲೆ ಹೆಚ್ಚು ದೂರ ಸಾಗದು. ಬೆಟ್ಟ ಅಡ್ಡ ಬಂದರೆ ಕುಂದುತ್ತದೆ. ಬೆಂಗಳೂರಿನ ನಿಲಯಗಳು ಬುಕ್ಕಾಂಬುಧಿಗೆ ಗಾಳಿಯಲ್ಲಿ ತಲಪುವುದಿಲ್ಲ, ಮೊಬೈಲಿನಲ್ಲಿ ತಲಪುತ್ತವೆ. ಅಲ್ಲಿ ಕುಳಿತವರು ರಾಜಧಾನಿಯ ವಾಹನ ದಟ್ಟಣೆಯನ್ನು ಸೊಗಸಾಗಿ ವರ್ಣಿಸಬಲ್ಲರು. ಅಜ್ಜಂಪುರದ ಹೊಲದಲ್ಲಿ ಈರುಳ್ಳಿ ಕಿತ್ತು ಹರವಿದವನಿಗೆ ಸಂಜೆ ಮಳೆ ಬಂದೀತೇ ಎಂದು ತಿಳಿಸುವ ಕೆಲಸ ಇನ್ನೂ ಭದ್ರಾವತಿಯದೇ.