ಹೊಳೆಯುವ ಕೆಂಪು, ಬ್ಯಾಡಗಿಯ ಕೆಂಪು

ಮೊನ್ನೆ ರಾಣೆಬೆನ್ನೂರಿನಲ್ಲಿ ಒಂದು ಗೋಬಿ ಗಾಡಿ ಮುಂದೆ ನಿಂತು "ಬಣ್ಣ ಹಾಕಬ್ಯಾಡ್ರೀ" ಅಂದೆ. ಗಾಡಿಯವನು ನಕ್ಕ. "ಬಣ್ಣ ಇರಲಿಲ್ಲಂದ್ರ ಮಂದಿ ತಿರುಗಿ ನೋಡಂಗಿಲ್ರೀ ಸರ" ಅಂದ. ಅವನ ಡಬ್ಬಿಯಲ್ಲಿದ್ದ ಪುಡಿ ಯಾವುದೋ ಕಾಣೆ, ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಅಲ್ಲಿಂದ ಅರ್ಧ ಗಂಟೆ ದಾರಿಯಲ್ಲಿ ಬ್ಯಾಡಗಿ ಇದೆ ಸ್ವಾಮೀ! ಖಾರಕ್ಕಿಂತ ಬಣ್ಣಕ್ಕೇ ಹೆಸರಾದ, 2011ರಲ್ಲಿ ಜಿಐ ಮಾನ್ಯತೆ ಪಡೆದ ಮೆಣಸಿನಕಾಯಿಯ ಊರು.

2024ರ ಮಾರ್ಚ್ 11, ಸೋಮವಾರ ನೆನಪಿದೆಯೇ? ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಬೆಂಗಳೂರಿನಲ್ಲಿ ಘೋಷಿಸಿದ ದಿನ. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ, 25 ಕಾಟನ್ ಕ್ಯಾಂಡಿ ಮಾದರಿಗಳಲ್ಲಿ 15ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ರೋಡಮಿನ್-ಬಿ ಎಂಬ ಹೆಸರು ಜನರ ಬಾಯಿಗೆ ಬಂದಿದ್ದು ಆಗಲೇ. ಅದೇ ಸೋಮವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದು, ರೈತರ ಸಿಟ್ಟಿಗೆ ಎಪಿಎಂಸಿ ಕಚೇರಿ ಮತ್ತು ವಾಹನಗಳು ಬೆಂಕಿಗೆ ಆಹುತಿಯಾದವು. ಒಂದರಿಂದ ಇನ್ನೊಂದಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದೇ ದಿನದ ಈ ಎರಡು ಸುದ್ದಿ ಓದಿದಾಗ ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು.

ಹಾಗಂತ ರೋಡಮಿನ್-ಬಿ ಬಗ್ಗೆ ನನಗೆ ದ್ವೇಷವಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಅದನ್ನು ತೂಗಿದ್ದೇನೆ. ಹಸಿರು ಮಿಂಚಿನ ಹರಳು ಪುಡಿ, ನೀರಿಗೆ ಬಿದ್ದ ಕೂಡಲೇ ಗುಲಾಬಿ! ಬೆರಳಿಗೆ ತಾಗಿದರೆ ಸೋಪಿಗೂ ಜಗ್ಗುವುದಿಲ್ಲ. ಸುಮಾರು 550 ನ್ಯಾನೋಮೀಟರಿನ ಹಸಿರು ಬೆಳಕನ್ನು ನುಂಗಿ, ಕಣ್ಣು ಮಿಟುಕಿಸುವ ಮೊದಲೇ ಅದನ್ನು ಕಿತ್ತಳೆ ಬೆಳಕಾಗಿ ಹೊರಗೆ ಉಗುಳುತ್ತದೆ. ಪ್ರತಿದೀಪ್ತಿ ಅನ್ನುವುದು ಇದಕ್ಕೇ. ಔರಮೈನ್ ಜೊತೆ ಸೇರಿ ಕಫದಲ್ಲಿರುವ ಕ್ಷಯದ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮದರ್ಶಕದ ಕತ್ತಲೆಯಲ್ಲಿ ಹೊಳೆಯಿಸುತ್ತದೆ. ಬಿಸಿಯಾದಂತೆ ಇದರ ಹೊಳಪು ಕುಂದುವುದರಿಂದ ಕೂದಲೆಳೆಯಷ್ಟು ಸಣ್ಣ ನಾಳದೊಳಗಿನ ಉಷ್ಣತೆಯನ್ನೂ ಅಳೆಯಬಹುದು. ಲೇಸರ್‌ಗಳಲ್ಲೂ ಬಳಸುತ್ತಾರೆ. ಎಂಥ ಉಪಕಾರಿ ನೋಡಿ! ಆದರೆ ಅದರ ಜಾಗ ಗಾಜಿನ ಬಾಟಲಿ, ಮಕ್ಕಳ ನಾಲಿಗೆಯಲ್ಲ. ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿ ಇರುವ ಬಣ್ಣಗಳ ಪಟ್ಟಿಯಲ್ಲಿ ಇದು ಇಲ್ಲವೇ ಇಲ್ಲ.

ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬೇರೆ ಜಾತಿಯದು. ಕ್ಯಾಪ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡ್ ಅದರ ಮೂಲ. ಅದು ನೀಲಿ ಬೆಳಕನ್ನು ನುಂಗಿ ಬಿಸಿಯಾಗಿ ಕರಗಿಸಿಬಿಡುತ್ತದೆ, ಹೊಳೆಯುವ ಗೋಜಿಗೆ ಹೋಗುವುದಿಲ್ಲ. ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಬಿಡುವುದಿಲ್ಲ. ಹಾಗಾಗಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಲೋಟದ ನೀರಿನ ಮೇಲೆ ಚಿಟಿಕೆ ಖಾರಪುಡಿ ಉದುರಿಸಿ. ಬಣ್ಣ ಗೆರೆಗೆರೆಯಾಗಿ ಕೆಳಗಿಳಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆತಿದೆ ಎಂದೇ ಅನುಮಾನಿಸಿ. ರಾಗಿಗೂ ಇಂಥದ್ದೇ ಉಪಾಯವಿದೆ. ಹತ್ತಿಯನ್ನು ನೀರಲ್ಲಿ ಅಥವಾ ಎಣ್ಣೆಯಲ್ಲಿ ಅದ್ದಿ ಕಾಳಿನ ಮೇಲೆ ತಿಕ್ಕಿದಾಗ ಹತ್ತಿ ಕೆಂಪಾದರೆ ಬಣ್ಣ ಬಳಿದಿದ್ದಾರೆ. ಇವು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿಕೊಡುವ ಪರೀಕ್ಷೆಗಳು. ಸುಡಾನ್‌ನಂಥ ಎಣ್ಣೆಯಲ್ಲಿ ಕರಗುವ ಬಣ್ಣ ಲೋಟಕ್ಕೆ ಸಿಗುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು. ರೋಡಮಿನ್ ಮಾತ್ರ ಲ್ಯಾಬಿನಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ. ತೀರಾ ಅಲ್ಪ ಪ್ರಮಾಣದಲ್ಲಿದ್ದರೂ ತಾನೇ ಹೊಳೆದು ತಾನೇ ಸಿಕ್ಕಿಬೀಳುವ ಕಳ್ಳ ಅದು!

ಇನ್ನು ನನ್ನ ಅಭಿಪ್ರಾಯ. ನಿಷೇಧ ಸರಿ, ಆದರೆ ಸಾಲದು. ಏಳು ವರ್ಷ ಜೈಲು, ಹತ್ತು ಲಕ್ಷ ದಂಡ ಅಂತ ಹೆದರಿಸಿದರೂ ಗಾಡಿಯವನ ಲೆಕ್ಕ ಸರಳ. ಬಣ್ಣ ಒಂದು ಚಿಟಿಕೆ ಸಾಕು, ಮೆಣಸಿನಕಾಯಿ ಚಮಚಗಟ್ಟಲೆ ಬೇಕು. ಆ ವ್ಯತ್ಯಾಸದ ದುಡ್ಡು ಕೊಡಬೇಕಾದವರು ತಿನ್ನುವ ನಾವು. ಕಣ್ಣಿಗೆ ಹೊಡೆಯುವ ಕೆಂಪೇ ರುಚಿ ಅಂತ ಅವನಿಗೆ ಕಲಿಸಿದವರೂ ನಾವೇ. ಹಾವೇರಿಯ ಸಂತೆಯಲ್ಲಿ ಅಧಿಕಾರಿಗಳು ಒಂದು ಮೇಜು ಹಾಕಿ, ಜನರೆದುರೇ ಈ ಲೋಟದ ಪರೀಕ್ಷೆ ಮಾಡಿ ತೋರಿಸಲಿ. ಬ್ಯಾಡಗಿ ಖಾರಪುಡಿಯಲ್ಲೇ ಗೋಬಿ ಮಾಡುವವನಿಗೆ ಒಂದು ಬೋರ್ಡು ಕೊಡಲಿ. ನಾನಂತೂ ಅಂಥ ಗಾಡಿ ಮುಂದೆ ಐದು ರೂಪಾಯಿ ಜಾಸ್ತಿ ಕೊಟ್ಟು ನಿಲ್ಲುತ್ತೇನೆ.

ಇಷ್ಟು ಕೆಂಪು ಬೆಳೆಯುವ ಜಿಲ್ಲೆಯಲ್ಲಿ ಕೆಂಪಿಗಾಗಿ ಬಾಟಲಿ ಬಗ್ಗಿಸುವುದೆಂದರೆ ನಾಚಿಕೆಗೇಡು ಅಲ್ಲವೇ? ನೀವೇನಂತೀರಿ?